ಶಕುಂತಲಾಳ ಸಾಮಾನು

ನಮ್ಮೂರಿನಲ್ಲಿ ತಿಪ್ಪೆಗುಂಡಿ ಇಲ್ಲ. ಸೊಪ್ಪುಸದೆ, ಸಿಪ್ಪೆ, ಬೂದಿ ಎಲ್ಲ ಹಿತ್ತಲಿನ ಮಣ್ಣಿಗೆ ಸೇರುತ್ತವೆ, ಅದಕ್ಕೆ ತಕರಾರಿಲ್ಲ. ಆದರೆ ಮನುಷ್ಯರು ಮಾಡಿದ ಒಂದು ವಸ್ತುವನ್ನು, ತೂತು ಬಿದ್ದ ಕೊಡವೇ ಆಗಲಿ ಹರಿದ ಚಪ್ಪಲಿಯೇ ಆಗಲಿ, ಇನ್ನು ಬೇಡವೆಂದು ಎಸೆದರೆ ಮರುದಿನ ಬೆಳಗಾಗುವಷ್ಟರಲ್ಲಿ ಅದು ಎಸೆದವರ ಮನೆಯ ಹೊಸ್ತಿಲಿಗೆ ಬಂದು ಕೂತಿರುತ್ತದೆ. ಹೊಳೆಗೆ ಹಾಕಿದರೆ ತೊಯ್ದುಕೊಂಡು ಬರುತ್ತದೆ. ಸೇತುವೆಯ ಆಚೆ ಒಯ್ದು ಬಿಟ್ಟರೆ ಧೂಳು ಮೆತ್ತಿಕೊಂಡು ಬರುತ್ತದೆ. ಒಳಗೆತ್ತಿ ಕಪಾಟಿನಲ್ಲಿಟ್ಟರೆ ನಿಲ್ಲುವುದಿಲ್ಲ, ಮತ್ತೆ ಬೆಳಿಗ್ಗೆ ಹೊಸ್ತಿಲ ಮೇಲೆಯೇ. ಮೊದಲು ಮಾಡುತ್ತಿದ್ದ ಕೆಲಸವನ್ನೇ ಕೊಟ್ಟರೂ ಒಪ್ಪುವುದಿಲ್ಲ. ಒಮ್ಮೆ ಬೇಡ ಅನ್ನಿಸಿಕೊಂಡ ಸಾಮಾನಿಗೆ ಹೊಸದೊಂದು ಕೆಲಸ ಕೊಡಬೇಕು, ಆ ಕೆಲಸ ಮನೆಗೆ ನಿಜವಾಗಿಯೂ ಬೇಕಾದದ್ದಾಗಿರಬೇಕು. ಆಗ ಅದು ಕೊಟ್ಟಲ್ಲಿ ನಿಲ್ಲುತ್ತದೆ.

ಹಾಗಾಗಿ ನಮ್ಮ ಮನೆಗಳನ್ನು ಹೊರಗಿನವರು ನೋಡಿದರೆ ನಗುತ್ತಾರೆ. ಕುಕ್ಕರಿನ ಹಳೆಯ ರಬ್ಬರ್ ರಿಂಗು ಕೊಡದ ಕೆಳಗೆ ಸಿಂಬೆಯಾಗಿರುತ್ತದೆ. ಸವೆದ ಹಲ್ಲುಜ್ಜುವ ಬ್ರಷ್ಷು ಲಂಗದ ಲಾಡಿ ಪೋಣಿಸುತ್ತದೆ. ಕಿತ್ತುಹೋದ ಚಪ್ಪಲಿಯ ಪಟ್ಟಿ ಹಿತ್ತಲ ಬಾಗಿಲಿಗೆ ಕೀಲಾಗಿ ಕೂತಿರುತ್ತದೆ. ಮಿಕ್ಸರಿನ ಒಡೆದ ಜಾರಿನಲ್ಲಿ ತುಳಸಿ, ಕ್ಯಾಸೆಟ್ಟಿನ ಟೇಪು ಬದನೆಗಿಡಗಳ ಮೇಲೆ ಹಕ್ಕಿ ಹೆದರಿಸಲು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತೇ ಇದು: ಏನರ ಬಂದೈತೇನು. ಬಂದಿದ್ದರೆ ಸಂಜೆಯೊಳಗೆ ಅದಕ್ಕೊಂದು ಕೆಲಸ ಹುಡುಕುವುದು ಮರ್ಯಾದೆ. ಎರಡು ದಿನ, ಮೂರು ದಿನ ಹೊಸ್ತಿಲ ಮೇಲೆ ಸಾಮಾನು ಕಂಡರೆ ಆ ಮನೆಯ ಹೆಂಗಸಿನ ಕೈ ಚುರುಕಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ.

ಎದುರು ಮನೆಯ ಶಿವಪುತ್ರ ಹಿಟ್ಟಿನ ಗಿರಣಿ ನಡೆಸುವವ. ರೆಪ್ಪೆಯ ಮೇಲೂ ಹಿಟ್ಟು ಕೂತಿರುವ, ಮಾತು ಕಡಿಮೆಯ ಮನುಷ್ಯ. ಅವನ ಹೆಂಡತಿ ಶಕುಂತಲಾ ಕಾಮಾಲೆಯಾಗಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವನು, ಅವನ ತಾಯಿ ತಂಗೆವ್ವ ಮತ್ತು ಆ ಅಜ್ಜಿಯನ್ನು ಆಯಿ ಎಂದು ಕರೆಯುವ ಮಗಳು ಮುಕ್ತಾ. ಮುಕ್ತಾ ನಾಲ್ಕನೇ ಇಯತ್ತೆಗೆ ಬಂದ ವರ್ಷ ಅವನಿಗೆ ಎರಡನೇ ಮದುವೆಯಾಯಿತು. ಬಂದವಳು ಸುವರ್ಣಾ, ಗುಡ್ಡದ ಆಚೆಯ ಊರಿನವಳು. ತಮ್ಮಂದಿರನ್ನು ದಡ ಮುಟ್ಟಿಸುವಷ್ಟರಲ್ಲಿ ಅವಳ ಮದುವೆಯ ವಯಸ್ಸು ದಾಟಿತ್ತು. ಅಲ್ಲಿಯವರೆಗೆ ಒಂದು ಹಾಸ್ಟೆಲಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಳು. ಬಂದ ಹೊಸತರಲ್ಲಿ ನಾಲ್ಕು ಜನರಿಗೆ ಮಾಡಲು ಹೋಗಿ ಓಣಿಗೆಲ್ಲ ಆಗುವಷ್ಟು ಸಾರು ಮಾಡಿಬಿಡುತ್ತಿದ್ದಳು. ಅದರಲ್ಲೊಂದು ಪಾಲು ನನಗೆ ಕೊಡಲು ಬಂದೇ ನಮ್ಮಿಬ್ಬರ ಬಳಕೆ ಬೆಳೆದದ್ದು. ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ನನ್ನ ಕಟ್ಟೆಯ ಮೇಲಿಂದ ಕಂಡದ್ದು, ಇನ್ನರ್ಧ ಅವಳ ಬಾಯಿಂದ ಕೇಳಿದ್ದು.

ಮದುವೆಯ ಮರುದಿನ ಬೆಳಿಗ್ಗೆ ಸುವರ್ಣಾ ರಂಗೋಲಿ ಹಾಕಲು ಬಾಗಿಲು ತೆಗೆದಳು. ಹೊಸ್ತಿಲ ಮೇಲೆ ಮರದ ಹಿಡಿಯ ಕರಿ ಕೊಡೆಯೊಂದು ಒರಗಿತ್ತು. ಅದರ ಪಕ್ಕ ಒಂದು ಸ್ಟೀಲಿನ ಬುತ್ತಿ ಡಬ್ಬಿ, ಅಂಚು ಸವೆದ ಎರಡು ನೂಲಿನ ಸೀರೆ, ಒಂದು ಬಾಚಣಿಕೆ, ಒಂದು ಕನ್ನಡಕ. ಯಾರೋ ಬೀಗರು ಮರೆತು ಹೋಗಿರಬೇಕು ಅಂದುಕೊಂಡು ಅವಳು ಡಬ್ಬಿಗೆ ಕೈ ಹಚ್ಚುವಷ್ಟರಲ್ಲಿ ಹಿಂದಿನಿಂದ ಮುಕ್ತಾ ಬಂದಳು. ಮದುವೆಗೆ ಉಟ್ಟ ಜರಿ ಲಂಗದಲ್ಲೇ ಮಲಗಿ ಎದ್ದಿದ್ದ ಹುಡುಗಿ ಆ ಸಾಮಾನುಗಳನ್ನು ನೋಡಿದಳು, ಸುವರ್ಣಾಳನ್ನು ನೋಡಿದಳು.

"ನಮ್ಮವ್ವನ ಸಾಮಾನು ಒಗದಾಕಿ ನೀನ ಅಲ್ಲಾ," ಅಂದಳು.

ಪ್ರಶ್ನೆಯೇ ಸುವರ್ಣಾಗೆ ತಿಳಿಯಲಿಲ್ಲ. ಅವಳು ಒಳಗೆ ತಿರುಗಿ ಅತ್ತೆಯ ಮುಖ ನೋಡಿದಳು. ತಂಗೆವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಕಣ್ಣು ತಗ್ಗಿಸಿ ಒಳಗೆ ಸರಿದಳು. ಶಿವಪುತ್ರ ಸ್ನಾನ ಮಾಡಿ ಬಂದು, ಹೊಸ್ತಿಲ ಮೇಲಿದ್ದುದನ್ನು ಕಂಡು, ದಾಟಿಕೊಂಡು ಗಿರಣಿಗೆ ಹೋದ.

ಮಧ್ಯಾಹ್ನ ಸುವರ್ಣಾ ನನ್ನ ಹತ್ತಿರ ಬಂದು ಕೂತು ಇದೇನೆಂದು ಕೇಳಿದಳು. ನಾನು ಊರಿನ ರೀತಿಯನ್ನು ಹೇಳಿದೆ. ಅವಳು ಬೆರಗಾಗಲಿಲ್ಲ. ಕೇಳಿ ಮುಗಿಸಿ, ಮನೆಯಲ್ಲಿ ಯಾರು ಎಸೆದರೂ ಆ ಮನೆಯ ಹೊಸ್ತಿಲಿಗೇ ಬರುತ್ತವೆಯೇ ಅಂದಳು. ಹೌದು ಅಂದೆ. ಮದುವೆಯ ದಿನ ಬೆಳಿಗ್ಗೆ ತಂಗೆವ್ವ ಗಂಟು ಕಟ್ಟಿಕೊಂಡು ಸೇತುವೆಯ ಕಡೆ ಹೋದದ್ದನ್ನು ನಾನು ಕಂಡಿದ್ದೆ, ಅದನ್ನೂ ಹೇಳಿದೆ. ಊರಿನಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ತಿರುಗಿ ಬರುತ್ತವೆಂದು ಗೊತ್ತಿಲ್ಲದೆ ಇರಲಿಲ್ಲ. ಒಂದು ದಿನದ ಮಟ್ಟಿಗಾದರೂ ಕಣ್ಣಿಗೆ ಬೀಳದಿರಲಿ ಅಂದುಕೊಂಡಿರಬೇಕು. ಮುಕ್ತಾಗೆ ನಿಜ ತಿಳಿಸಿಬಿಡು, ಬಂದ ಮರುದಿನವೇ ಯಾಕೆ ಇಲ್ಲದ ಅಪವಾದ ಹೊರುತ್ತೀ ಅಂತ ನಾನು ಹೇಳಿದೆ.

"ಬ್ಯಾಡ್ರಿ ಲೀಲಕ್ಕ. ಆ ಹುಡುಗಿಗೆ ಈಗ ಆಯಿ ಒಬ್ಬಾಕಿನ ಇರೋದು. ಅಕಿ ಮ್ಯಾಲಿನ ನಂಬಿಕಿನೂ ಹೋದ್ರ ಅದು ಯಾರ ಮಗ್ಗುಲಾಗ ಮಲಗಬೇಕು? ನನ್ನ ಹತ್ರ ಅಂತೂ ಬರಂಗಿಲ್ಲ."

ಹಾಗೆಂದು ಖಾಲಿ ಪಾತ್ರೆ ತೆಗೆದುಕೊಂಡು ಹೋದಳು.

ಊರಿಗೆ ಬಂದ ಮೇಲೆ ಊರಿನಂತೆ ನಡೆಯಬೇಕಲ್ಲ, ಅವಳು ಕೊಡೆಯಿಂದ ಶುರು ಮಾಡಿದಳು. ಹಿತ್ತಲಲ್ಲಿ ಹೀರೆಬಳ್ಳಿಯೊಂದು ಹಬ್ಬಲು ಆಸರೆ ಸಿಗದೆ ನೆಲದ ಮೇಲೆ ಹರಿದಾಡುತ್ತಿತ್ತು. ಕೊಡೆಯನ್ನು ಬಿಚ್ಚಿ, ತಲೆಕೆಳಗಾಗಿ ನೆಲಕ್ಕೆ ಊರಿ, ಕಡ್ಡಿಗಳಿಗೆ ಬಳ್ಳಿಯನ್ನು ನಾಜೂಕಾಗಿ ಸುತ್ತಿದಳು. ಮರುದಿನ ಕೊಡೆ ಹೊಸ್ತಿಲಿಗೆ ಬರಲಿಲ್ಲ. ತನ್ನ ಕೈಗೆ ಊರು ಒಲಿಯಿತೆಂದು ಅವಳಿಗೆ ಸಂತೋಷವಾಯಿತು. ಆದರೆ ಆ ಸಂಜೆ ಸಾಲಿಯಿಂದ ಬಂದ ಮುಕ್ತಾ ಹಿತ್ತಲಿಗೆ ಹೋಗಿ ಬಳ್ಳಿಯನ್ನು ಕಿತ್ತೆಸೆದಳು, ಕೊಡೆಯನ್ನು ಮಡಚಿ ಗೋಡೆಯ ಆಚೆ ಬಿಸಾಡಿದಳು. ಬೆಳಿಗ್ಗೆ ಕೊಡೆ ಮತ್ತೆ ಹೊಸ್ತಿಲ ಮೇಲಿತ್ತು.

ಸುವರ್ಣಾಗೆ ಮೊದಲು ಸಿಟ್ಟೇ ಬಂತು. ಡಬ್ಬಿಗೆ ಒಂದು ಕೆಲಸ ಹುಡುಕಿದಳು, ಬಾಚಣಿಕೆಗೆ ಒಂದು. ಹುಡುಗಿ ಬಿಡದೆ ಒಂದೊಂದನ್ನೂ ಕಿತ್ತು ಹೊರಗೆಸೆದಳು. ಇದಕ್ಕೊಂದು ಕೊನೆ ಕಾಣಿಸಬೇಕೆಂದು ಸುವರ್ಣಾ ಒಂದು ದಿನ ಕತ್ತಲಿರುವಾಗಲೇ ಎದ್ದು ಬಂದರೆ ತಲೆಬಾಗಿಲು ಆಗಲೇ ತೆರೆದಿತ್ತು. ಮುಕ್ತಾ ಹೊಸ್ತಿಲ ಒಳಬದಿಗೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಮುಂದೆ ಹೊಸ್ತಿಲು ಬರಿದಾಗಿತ್ತು. ಸುವರ್ಣಾ ಸದ್ದು ಮಾಡದೆ ನಿಂತಳು. ಪೂರ್ವ ಸ್ವಲ್ಪ ಬೆಳ್ಳಗಾಯಿತು. ಎಲ್ಲೋ ಕೋಳಿ ಕೂಗಿದ್ದಕ್ಕೆ ಅವಳು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಕೊಡೆ, ಡಬ್ಬಿ, ಸೀರೆ ಎಲ್ಲ ಬಂದು ಕೂತಿದ್ದವು. ಹುಡುಗಿ ಅವುಗಳನ್ನು ಮುಟ್ಟಲಿಲ್ಲ. ನೋಡಿಕೊಂಡು ಕೂತಳು.

ಸುವರ್ಣಾ ಹತ್ತಿರ ಹೋಗಿ ಕೂತು, ಅವು ಬರುವುದು ಕಾಣುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

"ಕಾಣಂಗಿಲ್ಲ," ಅಂದಳು ಮುಕ್ತಾ. "ಆದ್ರ ಬರೂಮುಂದ ಅವ್ವನ ವಾಸನಿ ಬರ್ತೈತಿ. ದಿನಾ ಬರ್ತೈತಿ."

ಸುವರ್ಣಾ ಎದ್ದು ಒಳಗೆ ಹೋದಳು. ಒಂದು ಕಂಬಳಿ ತಂದು ಹುಡುಗಿಯ ಹೆಗಲಿಗೆ ಹೊದಿಸಿ, ಒಲೆ ಹೊತ್ತಿಸಲು ಹೋದಳು. ಅವತ್ತಿನಿಂದ ಅವಳು ಆ ಸಾಮಾನುಗಳಿಗೆ ಕೆಲಸ ಹುಡುಕುವುದನ್ನು ಬಿಟ್ಟಳು. ಮುಕ್ತಾ ದಿನಾ ರಾತ್ರಿ ಅವನ್ನು ಎತ್ತಿ ಒಳಗಿಡುತ್ತಿದ್ದಳು, ಬೆಳಗಾಗುವಾಗ ಅವು ಮತ್ತೆ ಹೊಸ್ತಿಲಿಗೆ ಬರುತ್ತಿದ್ದವು.

ಊರು ಬಿಡಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಮೊದಲು ಪ್ರೀತಿಯಿಂದಲೇ ಉಪಾಯ ಹೇಳಿದರು. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದರೆ ಕೊಬ್ಬರಿ ತುರಿಯಲು ಬರುತ್ತದೆ ಅಂದರು. ಸೀರೆ ಹರಿದು ಕೌದಿಗೆ ಹಾಕು, ಇಲ್ಲವೇ ಜಡೆ ಹೆಣೆದು ಕಾಲೊರಸು ಮಾಡು ಅಂದರು. ಸುವರ್ಣಾ ಎಲ್ಲದಕ್ಕೂ ತಲೆಯಾಡಿಸಿ ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಬರಬರುತ್ತ ಮಾತಿನ ಧಾಟಿ ಬದಲಾಯಿತು. ಹೊರಗಿನವಳಿಗೆ ನಮ್ಮ ಸಂಸಾರ ಎಲ್ಲಿ ಹತ್ತಬೇಕು ಅಂದರು. ಸತ್ತವಳ ಸಾಮಾನನ್ನು ಬೀದಿಗೆ ಕಾಣುವಂತೆ ಹರಡಿಕೊಂಡು ಕೂತಿದ್ದಾಳೆ, ಇವಳಿಗೆ ಹೊಟ್ಟೆಕಿಚ್ಚಿರಬೇಕು ಅಂದವರೂ ಇದ್ದರು. ನಾನು ಒಂದೆರಡು ಸಲ ಜಗಳಕ್ಕೇ ನಿಂತೆ. ಅವಳು ನನ್ನ ಸೆರಗು ಜಗ್ಗಿ ಕರೆದುಕೊಂಡು ಬಂದಳು.

ಎಲ್ಲರಿಗಿಂತ ಹೆಚ್ಚು ಇರುಸುಮುರುಸು ತಂಗೆವ್ವನದು. ಸೊಸೆಯನ್ನು ಮೂಲೆಗೆ ಕರೆದು, ಏನಾದರೂ ಮಾಡಿ ಅವನ್ನು ಹೊಸ್ತಿಲಿಂದ ತೆಗೆ, ತನಗೆ ತಲೆ ಎತ್ತಿ ಓಡಾಡಲು ಆಗುತ್ತಿಲ್ಲ ಎಂದು ಬೇಡಿಕೊಂಡಳು. ಇರಲಿ ಬಿಡ್ರಿ ಅತ್ತಿ, ಹುಡುಗಿಗೆ ಅವು ಬೇಕಾಗ್ಯಾವ ಎಂದಷ್ಟೇ ಸುವರ್ಣಾ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಏನು ಕಂಡಿತೋ, ಸೊಸೆಗೆ ಎಲ್ಲ ಗೊತ್ತು ಎಂದು ತಂಗೆವ್ವನಿಗೆ ಅರಿವಾಯಿತು. ಅಲ್ಲಿಂದ ಮುಂದೆ ಮುದುಕಿ ಸುವರ್ಣಾಳ ಕಣ್ಣು ತಪ್ಪಿಸಿ ತಿರುಗಿದಳು.

ಹೀಗಿರುವಾಗ ಮುಕ್ತಾಗೆ ಜ್ವರ ಬಂತು. ಅವಳು ಏಳಲಾರದೆ ಮಲಗಿದ್ದ ಬೆಳಿಗ್ಗೆ ತಂಗೆವ್ವ ಬೇಗ ಎದ್ದಳು. ಹುಡುಗಿ ಏಳುವುದರೊಳಗೆ ಸಾಮಾನನ್ನೆಲ್ಲ ಬಾಚಿಕೊಂಡು ತನ್ನ ಸಂದೂಕಿನಲ್ಲಿ ಮುಚ್ಚಿಟ್ಟರೆ ಅವತ್ತೊಂದು ದಿನವಾದರೂ ಹೊಸ್ತಿಲು ಹೊಸ್ತಿಲಂತೆ ಕಾಣುತ್ತದೆ ಎಂಬುದು ಅವಳ ಎಣಿಕೆ. ಮಬ್ಬುಗತ್ತಲಲ್ಲಿ ಬಗ್ಗಿ ಕೊಡೆ ಎತ್ತಿಕೊಂಡು ತಿರುಗುವಾಗ ಕಾಲಿಗೆ ಶಕುಂತಲಾಳ ಸೀರೆ ತೊಡರಿತು. ಹೊಸ್ತಿಲ ಮೇಲೆ ಅಡ್ಡಡ್ಡ ಬಿದ್ದಳು. ಅವಳು ಕೂಗಿದ ಕೂಗಿಗೆ ನಾನು ಎದ್ದು ಓಡಿದೆ.

ಸೊಂಟದ ಎಲುಬು ಬಿರಿದಿದೆ, ಈ ವಯಸ್ಸಿಗೆ ಕೊಯ್ಯುವುದು ಬೇಡ, ಅಲುಗದೆ ಮಲಗಿ ಕೂಡಿಸಿಕೊಳ್ಳಬೇಕು ಎಂದರು ಡಾಕ್ಟರು. ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ತಂಗೆವ್ವ ಭಾರಿ ಮೈಯ ಹೆಂಗಸು. ಬೆನ್ನೊರೆಸಲು, ಬಟ್ಟೆ ಬದಲಿಸಲು ಅವಳನ್ನು ಹೊರಳಿಸುವುದೆಂದರೆ ಸುವರ್ಣಾಗೆ ಹಾಸ್ಟೆಲಿನ ಹಂಡೆ ಇಳಿಸುವುದಕ್ಕಿಂತ ಕಷ್ಟವಾಯಿತು. ಮುದುಕಿಗೆ ನೋವಿಗಿಂತ ಹೆಚ್ಚು ನಾಚಿಕೆ. ತನಗಾಗಿ ಯಾರು ಒಂದು ಮಾತನ್ನು ನುಂಗಿಕೊಂಡು ಬೈಸಿಕೊಂಡಳೋ, ಅವಳ ಕೈಯಲ್ಲೇ ಈಗ ಮೈ ತೊಳೆಸಿಕೊಳ್ಳಬೇಕು. ಅವಳು ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಜ್ವರ ಬಿಟ್ಟೆದ್ದ ಮುಕ್ತಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಸುವರ್ಣಾ ಮನೆಯಲ್ಲಿದ್ದ ಸಾಮಾನಿನಿಂದಲೇ ಒಂದೊಂದು ಅನುಕೂಲ ಮಾಡಿದಳು. ಹೊದಿಕೆಯ ಭಾರ ಪಾದಕ್ಕೆ ತಾಗಿ ಮುದುಕಿ ನರಳುತ್ತಿದ್ದರೆ, ಜಾಲರಿ ಹರಿದ ಹಿಟ್ಟಿನ ಜರಡಿಯ ಬಳೆಯನ್ನು ಕಾಲ ಮೇಲೆ ನಿಲ್ಲಿಸಿ ಅದರ ಮೇಲೆ ಕೌದಿ ಹೊದಿಸಿದಳು. ಗಿರಣಿಯ ಹಳೆಯ ರಬ್ಬರ್ ಪಟ್ಟಿಯ ತುಂಡುಗಳನ್ನು ಕೊಯ್ದು ಮಂಚದ ಕಾಲಿಗೆ ಕೊಟ್ಟಳು, ಮಂಚ ಜಾರುವುದು ನಿಂತಿತು. ಆದರೆ ತಂಗೆವ್ವನಿಗೆ ತಾನಾಗಿ ತಲೆಯೆತ್ತಿ ನೀರು ಕುಡಿಯಲು ಮಾತ್ರ ಆಗುತ್ತಿರಲಿಲ್ಲ. ನೀರು ಗದ್ದದಿಂದ ಇಳಿದು ಕುಪ್ಪಸ ತೊಯ್ಯುತ್ತಿತ್ತು.

ಒಂದು ಬೆಳಿಗ್ಗೆ ಮುಕ್ತಾ ಹೊಸ್ತಿಲ ಮೇಲಿಂದ ಕೊಡೆಯನ್ನು ಎತ್ತಿಕೊಂಡು ನೆಟ್ಟಗೆ ಗಿರಣಿಗೆ ಹೋದಳು. ಅಪ್ಪನ ಮುಂದೆ ಅದನ್ನು ಹಿಡಿದು, ಆಯಿಯ ಮಂಚದ ಮೇಲಿನ ತೊಲೆಗೆ ಇದನ್ನು ಹಿಡಿ ಕೆಳಗಾಗುವಂತೆ ಹಗ್ಗದಿಂದ ಕಟ್ಟಿಕೊಡು ಅಂದಳು. ಶಿವಪುತ್ರ ಆ ಕೊಡೆಯನ್ನು ಅಲ್ಲಿಯತನಕ ಮುಟ್ಟಿರಲಿಲ್ಲ. ಗಿರಣಿ ನಿಲ್ಲಿಸಿ, ಅಂಗೈಯ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು ಅದನ್ನು ಕೈಗೆ ತೆಗೆದುಕೊಂಡ. ಆಮೇಲೆ ಮಗಳ ಜತೆ ಮನೆಗೆ ಬಂದು, ನಿಚ್ಚಣಿಕೆ ಹಾಕಿ, ಎರಡು ಸುತ್ತು ಬಿಗಿದು ಕಟ್ಟಿದ. ತಂಗೆವ್ವ ಆ ಬಾಗಿದ ಮರದ ಹಿಡಿಯನ್ನು ಹಿಡಿದು ಎಳೆದುಕೊಂಡು, ತಾನೇ ಭುಜ ಎತ್ತಿ, ತಂಬಿಗೆಯ ನೀರನ್ನು ಚೆಲ್ಲದೆ ಕುಡಿದಳು.

ಮರುದಿನ ಹೊಸ್ತಿಲಲ್ಲಿ ಕೊಡೆ ಇರಲಿಲ್ಲ. ಮುಕ್ತಾ ಅದರ ಜಾಗವನ್ನು ನೋಡಿದಳು, ಒಳಗೆ ಹೋಗಿ ತೂಗುತ್ತಿದ್ದ ಕೊಡೆಯನ್ನು ನೋಡಿ ಬಂದಳು, ಮತ್ತೆ ಕೂತಳು. ಆಮೇಲೆ ಬುತ್ತಿ ಡಬ್ಬಿಯ ಸರದಿ ಬಂತು. ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಅಪ್ಪನ ಹಳೆಯ ಬನಿಯನ್ನಿನಲ್ಲಿ ಸುತ್ತಿ ಆಯಿಯ ಸೊಂಟದ ಪಕ್ಕ ಶಾಖಕ್ಕೆ ಇಟ್ಟಳು. ಬಾಚಣಿಕೆ ಮಲಗಿ ಮಲಗಿ ತುರಿಸುವ ಬೆನ್ನಿಗೆ ಆಯಿತು. ಸೀರೆಗಳನ್ನು ಕತ್ತರಿಸುತ್ತಾಳೇನೋ ಎಂದು ಸುವರ್ಣಾಗೆ ಅಳುಕಿತ್ತು. ಮುಕ್ತಾ ಕತ್ತರಿಸಲಿಲ್ಲ. ಎರಡನ್ನೂ ಒಂದರ ಮೇಲೊಂದು ಮಡಿಕೆ ಹಾಕಿ ಆಯಿಯ ಕೆಳಗೆ ಅಡ್ಡಲಾಗಿ ಹಾಸಲು ಹೇಳಿದಳು. ಒಂದು ತುದಿಯನ್ನು ಸುವರ್ಣಾ, ಇನ್ನೊಂದನ್ನು ತಾನು ಹಿಡಿದು ಎತ್ತಿದರೆ ಅಷ್ಟು ದೊಡ್ಡ ಮೈ ಸಲೀಸಾಗಿ ಮಗ್ಗುಲಾಯಿತು. ಹೊಸ ಹೆಂಡತಿ ಮತ್ತು ಹಳೆಯ ಹೆಂಡತಿಯ ಮಗಳು ಒಂದೇ ಬಟ್ಟೆಯ ಎರಡು ತುದಿ ಹಿಡಿದು ನಿಂತದ್ದನ್ನು ನೋಡಿ ನಾನು ಕಣ್ಣೊರೆಸಿಕೊಂಡು ಮನೆಗೆ ಬಂದೆ.

ತಂಗೆವ್ವನಿಗೆ ತಡೆದುಕೊಳ್ಳಲು ಆಗಲಿಲ್ಲ. ಸೀರೆ ಹಾಸಿದ ದಿನ ಮಧ್ಯಾಹ್ನ ಮೊಮ್ಮಗಳ ಕೈ ಹಿಡಿದುಕೊಂಡಳು.

"ಇವನ್ನೆಲ್ಲ ಒಗದಾಕಿ ನಾನ, ಮುಕ್ತಾ. ಆ ಕೊಡಿ ನೋಡಿದ್ರ ಶಕುಂತಲಾ ಈಗ ಒಳಗ ಬಂದ್ಲು ಅನಿಸ್ತಿತ್ತು. ನನಗ ನೋಡಾಕ ಆಗಲಿಲ್ಲ. ನೀ ಇಕೀನ್ನ ಬೈಯೂಮುಂದ ಸುಮ್ಮನ ಇದ್ನಿ."

ಮುಕ್ತಾ ಕೈ ಬಿಡಿಸಿಕೊಂಡು ಹೊರಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ಸುವರ್ಣಾ ಕರೆದರೂ ಊಟಕ್ಕೆ ಬರಲಿಲ್ಲ. ಸುವರ್ಣಾ ಹೋಗಿ ಪಕ್ಕದಲ್ಲಿ ಕೂತ ಮೇಲೆ ಹುಡುಗಿ, ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಸುವರ್ಣಾ ಹೌದು ಅಂದಳು.

"ಮತ್ತ ಯಾಕ ಹೇಳಲಿಲ್ಲ? ನಾ ನಿನಗ ಎಷ್ಟ್ ಅಂದ್ನಿ."

"ನಾ ನಿನ್ನಿ ಮೊನ್ನಿ ಬಂದಾಕಿ. ನನಗ ನಾಕು ಮಾತು ಅಂದ್ರ ತಡಕೋತೀನಿ. ನಿನಗ ಆಯಿ ಬೇಕಿದ್ಲು."

ಅದಾದ ಮೇಲೆ ಕೆಲವು ದಿನ ಮುಕ್ತಾ ಆಯಿಯ ಮಂಚದ ಹತ್ತಿರ ಸುಳಿಯಲಿಲ್ಲ. ಸೀರೆಯ ತುದಿ ಹಿಡಿಯಲು ನಾನು ಹೋಗುತ್ತಿದ್ದೆ. ತಂಗೆವ್ವ ಅನ್ನ ಸೇರದೆ ಸೊರಗಿದಳು. ಹುಡುಗಿಯ ಕಾಲ ಸಪ್ಪಳ ಕೇಳಿದಾಗಲೆಲ್ಲ ಕತ್ತು ಹೊರಳಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಇದನ್ನು ನೋಡಿ ನೋಡಿ ಸುವರ್ಣಾಗೆ ಸಾಕಾಯಿತು. ಅಲ್ಲಿಯತನಕ ಆ ಹುಡುಗಿಗೆ ಒಂದು ಗಡಸು ಮಾತಾಡದಿದ್ದವಳು ಅವತ್ತು ಗಂಜಿಯ ಬಟ್ಟಲನ್ನು ತಂದು ಅವಳ ಮುಂದೆ ಕುಕ್ಕಿದಳು.

"ಸಿಟ್ಟಿದ್ರ ಇರಲಿ, ನಿನ್ನ ಸಿಟ್ಟು ನಿನಗ. ಗಂಜಿ ಆರಾಕ ಹತ್ತೈತಿ. ಒಯ್ದು ಉಣಿಸು."

ಮುಕ್ತಾ ಬೆಚ್ಚಿ ಮೇಲೆ ನೋಡಿದಳು. ಶಕುಂತಲಾ ಹೋದಾಗಿನಿಂದ ಆ ಮನೆಯಲ್ಲಿ ಅವಳನ್ನು ಯಾರೂ ಗದರಿಸಿರಲಿಲ್ಲ, ತಾಯಿಯಿಲ್ಲದ ಕೂಸೆಂದು ಎಲ್ಲರೂ ಮೆತ್ತಗೇ ಮಾತಾಡುತ್ತಿದ್ದರು. ಅವಳು ಬಟ್ಟಲು ಎತ್ತಿಕೊಂಡು ಹೋದಳು. ಮಾತಿಲ್ಲದೆ ಚಮಚೆ ಚಮಚೆಯಾಗಿ ಉಣಿಸಿದಳು. ಮುದುಕಿಯೂ ಮಾತಿಲ್ಲದೆ ಉಂಡಳು. ಮರುದಿನವೂ ಹಾಗೆಯೇ. ಮೂರನೆಯ ದಿನ ಉಪ್ಪು ಕಡಿಮೆಯಾಗಿದೆ ಎಂದು ತಂಗೆವ್ವ ಅಂಜುತ್ತ ಹೇಳಿದ್ದಕ್ಕೆ ಮುಕ್ತಾ ಎದ್ದು ಹೋಗಿ ಉಪ್ಪು ತಂದು ಹಾಕಿದಳು.

ಹೊಸ್ತಿಲ ಮೇಲೆ ಈಗ ಕನ್ನಡಕ ಒಂದೇ ಬರುತ್ತಿತ್ತು. ಅದೊಂದಕ್ಕಾಗಿಯೇ ಹುಡುಗಿ ಕತ್ತಲಿರುವಾಗ ಎದ್ದು ಕೂರುತ್ತಿದ್ದಳು. ಸಾಲಿಯಲ್ಲಿ ತೂಕಡಿಸುತ್ತಾಳೆಂದು ಮಾಸ್ತರರು ಹೇಳಿ ಕಳಿಸಿದರೂ ಸುವರ್ಣಾ ಅದನ್ನು ತಡೆಯಲಿಲ್ಲ. ಆ ಕನ್ನಡಕಕ್ಕೆ ಹೊಸ ಕೆಲಸ ಏನು ಕೊಡಲು ಬರುತ್ತದೆ ಎಂದು ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನೋಡುವುದಂತೂ ಅದರ ಹಳೆಯ ಕೆಲಸ.

ಮಧ್ಯಾಹ್ನ ಸುವರ್ಣಾ ಗಿರಣಿಗೆ ಬುತ್ತಿ ಒಯ್ಯುವ ಹೊತ್ತಿಗೆ ತಂಗೆವ್ವ ಒಂದು ಗುಳಿಗೆ ನುಂಗಬೇಕಿತ್ತು. ಅವಳಿಗೆ ಗಡಿಯಾರ ತಿಳಿಯದು. ಒಮ್ಮೆ ಮರೆಯುವಳು, ಒಮ್ಮೆ ನುಂಗಿದ್ದನ್ನು ಮರೆತು ಮತ್ತೆ ಕೇಳುವಳು. ರಜೆಯ ದಿನ ನಾನು ಅಲ್ಲಿಗೆ ಹೋದಾಗ ಕಿಟಕಿಯ ಸರಳಿಗೆ ಶಕುಂತಲಾಳ ಕನ್ನಡಕ ದಾರದಿಂದ ತೂಗುತ್ತಿತ್ತು. ಅದರ ಮೂಲಕ ಬಂದ ಬಿಸಿಲು ಎದುರು ಗೋಡೆಯ ಮೇಲೆ ಎರಡು ಬೆಳಕಿನ ಬಿಲ್ಲೆಗಳಾಗಿ ಬಿದ್ದು ನಿಧಾನ ಸರಿಯುತ್ತಿತ್ತು. ಮುಕ್ತಾ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದಳು. ಆ ಬಿಲ್ಲೆಗಳು ಗೆರೆ ಮುಟ್ಟಿದರೆ ಗುಳಿಗೆ ನುಂಗಬೇಕಂತೆ, ದಾಟಿ ಹೋಗಿದ್ದರೆ ನುಂಗಿ ಆಗಿದೆಯಂತೆ. ತಂಗೆವ್ವ ಮಗುವಿನ ಹಾಗೆ ಗೋಡೆ ನೋಡುತ್ತ ಮಲಗಿದ್ದಳು.

ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುವರ್ಣಾಳ ಹತ್ತಿರ ಮುಕ್ತಾ ಬಂದು ಕೂತಳು. ಕನ್ನಡಕವೂ ನಿಂತುಬಿಟ್ಟರೆ ನಾಳೆ ಬೆಳಿಗ್ಗೆ ಏನೂ ಬರುವುದಿಲ್ಲವಲ್ಲ ಎಂದಳು. ಸುವರ್ಣಾ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಉತ್ತರ ಕೊಟ್ಟಳು.

"ಬರಬೇಕು ಅನಿಸಿದ್ರ ಈಗ ಬಿಚ್ಚಿಬಿಡು. ನಿಮ್ಮ ಆಯಿ ಗುಳಿಗಿ ನಾ ಹೆಂಗರ ನೋಡ್ಕೋತೀನಿ. ಯಾರೂ ನಿನಗ ಏನೂ ಅನ್ನಂಗಿಲ್ಲ."

ಮುಕ್ತಾ ಬೆಂಕಿ ನೋಡುತ್ತ ಕೂತಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಸುವರ್ಣಾ ಅದನ್ನು ಮುರಿದು, ಬೆಣ್ಣೆ ಹಚ್ಚಿ ಅವಳ ಕೈಗೆ ಕೊಟ್ಟಳು. ಅರ್ಧ ತಿಂದ ಮೇಲೆ ಹುಡುಗಿ, ನೀನು ಗಿರಣಿಗೆ ಹೋದಾಗ ಆಯಿ ಮರೆಯುತ್ತಾಳೆ, ಇರಲಿ ಬಿಡು ಅಂದಳು.

ಮರುದಿನ ಸುವರ್ಣಾ ಎದ್ದು ತಲೆಬಾಗಿಲು ತೆಗೆಯುವಾಗ ಅಗುಳಿ ಹಾಕಿದ ಹಾಗೇ ಇತ್ತು. ಅಂಗಳಕ್ಕೆ ನೀರು ಹಾಕಿ ಅವಳು ರಂಗೋಲಿ ಎಳೆದದ್ದನ್ನು ನಾನು ನನ್ನ ಕಟ್ಟೆಯಿಂದ ನೋಡಿದೆ. ಏನರ ಬಂದೈತೇನು ಎಂದು ನಾನು ಕೇಳಲಿಲ್ಲ. ಅವಳು ಒಳಗೆ ಹೋದರೆ ಮುಕ್ತಾ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದಳು. ಹಾಲಿನವನು ಬಂದು ಹೋದ. ಬಿಸಿಲು ಚಾಪೆಯ ಅಂಚಿಗೆ ಬಂತು. ಸಾಲಿಯ ಮೊದಲ ಗಂಟೆ ಹೊಡೆದಾಗ ಶಿವಪುತ್ರ ಮಗಳನ್ನು ಎಬ್ಬಿಸಲು ಬಗ್ಗಿದ.

"ಎಬ್ಬಿಸಬ್ಯಾಡ್ರಿ," ಅಂದಳು ಸುವರ್ಣಾ. "ಬಾಳ ದಿನದ ನಿದ್ದಿ ಬಾಕಿ ಐತಿ. ಒಂದಿನ ಸಾಲಿ ತಪ್ಪಿದ್ರ ಏನಾಗಂಗಿಲ್ಲ."

ಹುಡುಗಿಗೆ ಅಷ್ಟು ಹೊತ್ತಿಗೆ ಎಚ್ಚರವಾಗಿತ್ತು. ಕಣ್ಣು ತೆರೆಯದೆ ಆ ಮಾತನ್ನು ಕೇಳಿಸಿಕೊಂಡಳು. ಆಮೇಲೆ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಮಗ್ಗುಲು ಬದಲಿಸಿ ಮತ್ತೆ ಮಲಗಿದಳು.